ಯಾರೂ ಕೊಳ್ಳದ ಬೊಂತೆ

ಡಿಸೆಂಬರ್‌ನಲ್ಲಿ ಕೋಲಾರದ ಚಳಿ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅವರೆಕಾಯಿ ಸೊಗಡು ಬೀದಿಗೆ ಬರುವ ಹೊತ್ತಿಗೆ ಬೆಳಗಿನ ಜಾವ ನೆಲ ಕಾಲಿಗೆ ಕೊರೆಯುತ್ತದೆ. ಆ ಚಳಿಯಲ್ಲಿ ನನ್ನ 30 ವರ್ಷದ ಮಗ ಎಪಿಎಂಸಿ ಮಾರುಕಟ್ಟೆ ಹತ್ತಿರ ಮುಚ್ಚಿದ ಅಂಗಡಿಯ ಜಗಲಿ ಮೇಲೆ ಮಲಗುತ್ತಿದ್ದ.

ಯಾಕೆ ಅಂತ ಪೂರ್ತಿ ಹೇಳಲಾರೆ. ಕುಡಿತ, ಮೊಬೈಲ್ ಜೂಜು, ಸಾಲ. ಕೊನೆಗೆ ತಂಗಿ ಮದುವೆಗೆ ಇಟ್ಟಿದ್ದ ಒಡವೆಯನ್ನೂ ಅಡ ಇಟ್ಟಿದ್ದ. "ಅವನು ಹೊಸ್ತಿಲು ತುಳಿದ್ರೆ ನಾನು ಆಚೆ ಹೋಗ್ತೀನಿ" ಅಂದರು ನಮ್ಮ ಯಜಮಾನರು. ಅವರದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ನಿದ್ದೆ ಬರಬೇಕಲ್ವಾ?

ಮೊದಲು ದುಡ್ಡು ಕೊಟ್ಟೆ. ಕುಡಿದ. ಆಮೇಲೆ ಹೊಸ ರಗ್ಗು ಕೊಡಿಸಿದೆ. ಮೂರನೇ ದಿನ ಮಾರಿಬಿಟ್ಟಿದ್ದ. ಆಗ ಟ್ರಂಕಿನಿಂದ ನಮ್ಮತ್ತೆಯ ಹಳೇ ನೂಲಿನ ಸೀರೆಗಳನ್ನು ತೆಗೆದು, ಐದು ಪದರ ಸೇರಿಸಿ ಬೊಂತೆ ಹೊಲಿದೆ. ಹರಿದ ಕಡೆ ಯಜಮಾನರ ಪಂಚೆಯ ತೇಪೆ. ಅವರು ನೋಡಿದರು, ಏನೂ ಅನ್ನಲಿಲ್ಲ. ಇಂಥದ್ದನ್ನು ಯಾರು ಕೊಳ್ಳುತ್ತಾರೆ? ನನಗೆ ಬೇಕಾಗಿದ್ದೂ ಅದೇ. ಚಳಿಗಾಲ ಮುಗಿಯೋವರೆಗೂ ಅದು ಅವನ ಹತ್ತಿರವೇ ಉಳಿಯಿತು.

ಅಲ್ಲಿನ ವಾಚ್‌ಮನ್ ಒಂದು ಮಾತು ಹೇಳಿದರು. "ಅಕ್ಕಾ, ಮೇಲೆ ಎಷ್ಟು ಹೊದ್ದರೂ ಅಷ್ಟೇ, ಚಳಿ ಹತ್ತೋದು ಕೆಳಗಿಂದ." ನಿಜ. ಸಿಮೆಂಟು ಮೈಕಾವನ್ನು ಎಳೆದುಕೊಳ್ಳುತ್ತದೆ. ಟಿವಿ ಅಂಗಡಿಯಿಂದ ರಟ್ಟಿನ ಡಬ್ಬ ತಂದು ಬಿಡಿಸಿ, ಎರಡು ಪದರ ಹಾಸಲು ಕೊಟ್ಟೆ. ಪ್ಲಾಸ್ಟಿಕ್ ಶೀಟು ರಟ್ಟಿನ ಕೆಳಗೆ ಮಾತ್ರ. ಮೈಮೇಲೆ ಹೊದ್ದರೆ ಒಳಗೇ ನೀರಾಡಿ ಬಟ್ಟೆ ಒದ್ದೆಯಾಗುತ್ತೆ, ಒದ್ದೆ ಬಟ್ಟೆ ಇನ್ನೂ ಕೆಟ್ಟದ್ದು. ಅದಕ್ಕೇ ಒಂದು ಜೊತೆ ಸಾಕ್ಸನ್ನು ಕವರಿನಲ್ಲಿ ಕಟ್ಟಿ ಬೇರೆ ಇಡಿಸಿದ್ದೆ. ಕಿವಿಗೆ ಮಂಕಿ ಟೋಪಿ.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಕುಡಿತದ್ದೇ. ಕುಡಿದರೆ ಬೆಚ್ಚಗೆ ಅನ್ನಿಸುತ್ತೆ, ಆದರೆ ರಕ್ತ ಚರ್ಮದ ಕಡೆ ಹರಿದು ಒಳಗಿನ ಕಾವು ಹೊರಗೆ ಹೋಗುತ್ತದೆ. ನಡುಗುತ್ತಿದ್ದವನ ನಡುಕ ನಿಂತು, ಮಾತು ತೊದಲಿ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಅಮಲು ಅಂತ ಬಿಡಬಾರದು. 108ಕ್ಕೆ ಫೋನ್ ಮಾಡಬೇಕು. ಇದನ್ನು ವಾಚ್‌ಮನ್‌ಗೂ ಹೇಳಿ ನನ್ನ ನಂಬರ್ ಬರೆದುಕೊಟ್ಟಿದ್ದೆ.

ದಿನಾ ಸಂಜೆ 6ಕ್ಕೆ ಒಂದೇ ಟೀ ಅಂಗಡಿಯಲ್ಲಿ ಅವನನ್ನು ಕಾಣುತ್ತಿದ್ದೆ. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿಗೆ 5, ಎರಡು ಊಟಕ್ಕೆ ಹತ್ತತ್ತು. ಆ 25 ರೂಪಾಯಿ ಬಿಟ್ಟು ಒಂದು ಪೈಸೆ ಕೊಡುತ್ತಿರಲಿಲ್ಲ. ಅದರಲ್ಲೂ ಕುಡಿದಿರಬಹುದು, ನಾನೇನು ಹಿಂದೆ ಹೋಗಿ ನೋಡಲಿಲ್ಲ. ಆಧಾರ್ ನನ್ನ ಹತ್ತಿರವೇ ಇಟ್ಟುಕೊಂಡು ಜೆರಾಕ್ಸ್ ಮಾತ್ರ ಕೊಟ್ಟಿದ್ದೆ. ಬುದ್ಧಿ ಹೇಳಬಾರದು ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಎರಡು ಸಲ ತಡೆಯಲಾಗದೆ ಬಾಯಿಬಿಟ್ಟೆ. ಒಂದು ಸಲ ನಾಲ್ಕು ದಿನ ಬರಲೇ ಇಲ್ಲ. ಆ ನಾಲ್ಕು ದಿನವೂ ಅಲ್ಲೇ ಕೂತಿದ್ದು ಬಂದೆ.

ಮನೆಯಿಲ್ಲದವರಿಗೆ ಸರ್ಕಾರದ ತಂಗುದಾಣದ ಯೋಜನೆ ಇದೆ. ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ಜಾಗ ಇರಬೇಕು ಅನ್ನುತ್ತೆ ಅದರ ನಿಯಮ. ನಗರಸಭೆಯಲ್ಲಿ ವಿಚಾರಿಸೋಣ ಅಂದರೆ ಇವನು ಒಪ್ಪಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಮೊದಲು ಫೋನ್ ಮಾಡಿದ್ದು ನನಗೋಸ್ಕರ. ಕನ್ನಡದಲ್ಲೇ ಮಾತಾಡಿದರು. ಆ ನಂಬರನ್ನು ಅವನ ಟೋಪಿಯ ಒಳಗೆ ದಾರದಲ್ಲಿ ಹೊಲಿದೆ. ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ, ಟೀ ಲೋಟ ಕೆಳಗಿಟ್ಟು "ಅಮ್ಮ, ಆಸ್ಪತ್ರೆಗೆ ನೀನೂ ಬರ್ತೀಯಾ?" ಅಂದ.

ಅವನಿನ್ನೂ ಮನೆಗೆ ಬಂದಿಲ್ಲ. ಇನ್ನಿಬ್ಬರ ಜೊತೆ ಬಾಡಿಗೆ ರೂಮಿನಲ್ಲಿದ್ದಾನೆ, ಮಂಡಿಯಲ್ಲಿ ಕ್ರೇಟು ಎತ್ತುತ್ತಾನೆ. ಹೋದ ವಾರ ಬೊಂತೆ ಒಗೆಯೋಕೆ ಕೊಟ್ಟ. ಮೂರು ನೀರು ಕಪ್ಪಗೇ ಹೋಯಿತು. ಒಂದು ಕಡೆ ಹೊಲಿಗೆ ಬಿಟ್ಟಿತ್ತು, ಸೂಜಿ ತಗೊಂಡು ಕೂತೆ.