ಟವರನ್ನು ಬೈದ ಎರಡು ದಿನ

ಹೋದ ಮಳೆಗಾಲದಲ್ಲಿ ಆಯಿಗೆ ಮಂಡಿನೋವು ಅಂತ ನನ್ನ ಮೊಬೈಲಲ್ಲಿ ಒಂದು ಎಣ್ಣೆ ಹುಡುಕಿದ್ದೆ, ಅಷ್ಟೇ. ಆಮೇಲೆ ಹದಿನೈದು ದಿನ ಶಿರಸಿಯ ಅಡಿಕೆ ದರ ನೋಡಲು ಹೋದರೂ ಎಣ್ಣೆಯ ಜಾಹೀರಾತು, ಮಳೆ ಎಷ್ಟು ಬರುತ್ತೆ ಅಂತ ನೋಡಲು ಹೋದರೂ ಮಂಡಿಪಟ್ಟಿಯ ಜಾಹೀರಾತು. ಆಯಿ ಇಣುಕಿ ನೋಡಿ ಕೇಳಿದಳು: "ತಮಾ, ಯಂಗೆ ಮಂಡಿ ನೋವು ಹೇಳಿ ಇದ್ಕೆ ಹ್ಯಾಂಗೆ ಗೊತ್ತಾತು?"

ಬ್ರೌಸರಿನ ಇನ್‌ಕಾಗ್ನಿಟೋದಲ್ಲಿ, ಅಂದರೆ ಗುಟ್ಟಿನ ಕಿಟಕಿಯಲ್ಲಿ ಹುಡುಕಿದರೆ ಸಾಕು ಅಂದುಕೊಂಡಿದ್ದೆ. ಅದು ನಮ್ಮ ಮೊಬೈಲಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಹೊರಗಿನವರು ನೋಡುವುದನ್ನೇನೂ ತಪ್ಪಿಸುವುದಿಲ್ಲ.

ಮೊದಲು ಫೈರ್‌ಫಾಕ್ಸ್ ಬ್ರೌಸರ್ ಹಾಕಿ, ಅದರೊಳಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಇಂಥದ್ದನ್ನು ಹಾಕಲು ಬರುವುದಿಲ್ಲ. ಹೆಸರಲ್ಲಿ 'ಆರಿಜಿನ್' ಇದೆಯಾ ನೋಡಿಕೊಳ್ಳಿ, ಅದೇ ಥರದ ಹೆಸರಿನ ಬೇರೆಯವೂ ಇವೆ. ದುಡ್ಡಿಲ್ಲ, ದೇಣಿಗೆ ಕೊಡ್ತೇನೆ ಅಂದರೂ ಅವರು ತಗೊಳ್ಳುವುದಿಲ್ಲ. ಒಂದೊಂದು ಪುಟದಲ್ಲಿ ಎಷ್ಟು ತಡೆದೆ ಅಂತ ಅದೇ ಲೆಕ್ಕ ಕೊಡುತ್ತದೆ. ನಮ್ಮೂರಿನ ಒಂದೇ ಕಡ್ಡಿ ಸಿಗ್ನಲ್ಲಿಗೆ ಪುಟ ಬೇಗ ತೆರೆಯುವುದೇ ನನಗೆ ದೊಡ್ಡ ಲಾಭ. ಒಮ್ಮೆ ಬಸ್ ಟಿಕೆಟಿನ ಹಣ ಕಟ್ಟುವ ಪುಟ ಸಿಕ್ಕಿಹಾಕಿಕೊಂಡಿತು, ಆ ಪುಟಕ್ಕೆ ಮಾತ್ರ ಆಫ್ ಮಾಡಿದೆ, ಸರಿಹೋಯಿತು.

ಆದರೆ ಇದು ಬ್ರೌಸರಿಗೆ ಮಾತ್ರ, ಬೇರೆ ಆ್ಯಪ್‌ಗಳಿಗೆ ಅಲ್ಲ. ಅದಕ್ಕೆ ಪ್ರೈವೇಟ್ ಡಿಎನ್‌ಎಸ್ (ಡಿಎನ್‌ಎಸ್ ಅಂದರೆ ತಾಣದ ಹೆಸರಿಗೆ ಅದರ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಸೇವೆ). ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳ ಸೆಟ್ಟಿಂಗ್ಸ್‌ನಲ್ಲೇ ಇದೆ. ಜಾಹೀರಾತು ಕಳಿಸುವ ತಾಣದ ಹೆಸರು ಕೇಳಿದರೆ ವಿಳಾಸವನ್ನೇ ಕೊಡದಂಥ ಡಿಎನ್‌ಎಸ್ ಆರಿಸಿಕೊಂಡರಾಯಿತು. ನಾನು ಆಡ್‌ಗಾರ್ಡ್ ಅನ್ನುವ ಕಂಪನಿಯದ್ದು ಹಾಕಿದೆ. ರಾತ್ರಿ ಕರೆಂಟ್ ಹೋಗಿತ್ತು, ಕತ್ತಲಲ್ಲಿ ಆ ಡಿಎನ್‌ಎಸ್‌ನ ಹೆಸರು ಟೈಪ್ ಮಾಡುವಾಗ ನಡುವಿನ ಸಣ್ಣ ಗೆರೆ ಬಿಟ್ಟೆ. ಬೆಳಗ್ಗೆ ನೋಡಿದರೆ ಇಂಟರ್ನೆಟ್ಟೇ ಇಲ್ಲ! ಮಳೆಗಾಲ ಅಲ್ವಾ, ಟವರ್ ಹೋಗಿದೆ ಅಂತ ಎರಡು ದಿನ ಸುಮ್ನೆ ಬೈಯುತ್ತಾ ಕೂತಿದ್ದೆ, ಪಕ್ಕದ ಮನೆಯ ಹುಡುಗ ಆರಾಮಾಗಿ ವಿಡಿಯೋ ನೋಡುತ್ತಿದ್ದಾನೆ ಅಂತ ಗೊತ್ತಾಗುವವರೆಗೆ. ಅಲ್ಲಿ ಬರೆದ ಹೆಸರು ತಪ್ಪಿದರೆ ಫೋನಿಗೆ ಯಾವ ತಾಣದ ವಿಳಾಸವೂ ಸಿಗುವುದಿಲ್ಲ, ಹಾಗಾಗಿ ಅಕ್ಷರ ಅಕ್ಷರ ನೋಡಿ ಬರೆಯಿರಿ.

ಇದರಿಂದ ಯೂಟ್ಯೂಬ್ ಆ್ಯಪಿನ ಜಾಹೀರಾತು ಹೋಗುವುದಿಲ್ಲ. ನಾವು ಯಾವ ತಾಣಕ್ಕೆ ಹೋಗುತ್ತೇವೆ ಅನ್ನುವುದು ಆ ಡಿಎನ್‌ಎಸ್‌ನವರಿಗೆ ಕಾಣುತ್ತದೆ. ಯಾರೋ ಒಬ್ಬರನ್ನು ನಂಬಲೇಬೇಕು, ನಾನು ಇವರನ್ನು ನಂಬಿದ್ದೇನೆ.

ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಜಾಹೀರಾತು ಐಡಿ (ಜಾಹೀರಾತಿನವರು ನಮ್ಮ ಫೋನನ್ನು ಗುರುತಿಸುವ ಗುರುತು) ಅಳಿಸಲು ಒಂದು ನಿಮಿಷ ಸಾಕು.

ಕೊನೆಗೆ ಆಯಿಯ ಫೋನ್ ತೆಗೆದೆ. ಯಾವುದೋ ಟಾರ್ಚ್ ಆ್ಯಪ್, ಅದಕ್ಕೆ ಲೊಕೇಶನ್ನೂ ಬೇಕು, ಕಾಂಟ್ಯಾಕ್ಟ್ಸೂ ಬೇಕು. ರಾತ್ರಿ ಕೊಟ್ಟಿಗೆಗೆ ಹೋಗಲು ಅದನ್ನೇ ಬಳಸುತ್ತಿದ್ದಳು. ತೆಗೆದುಹಾಕಿ, ಪರದೆ ಕೆಳಗೆಳೆದರೆ ಫೋನಿನದೇ ಟಾರ್ಚ್ ಇದೆ ಅಂತ ತೋರಿಸಿಕೊಟ್ಟೆ.