ಮೂರನೇ ಸಲಕ್ಕೆ ಕೂತ ಟೂ ಫ್ಯಾಕ್ಟರ್: ನನ್ನ ಅನುಭವ

"ಇದು ನಮ್ಮಲ್ಲಿ ನಡೆಯೋದಿಲ್ಲ ಬಿಡಿ" ಎಂದವರೇ ಈಗ ದಿನಾ ಬೆಳಿಗ್ಗೆ ಆರು ಅಂಕಿ ಒತ್ತಿ ಒಳಗೆ ಬರುತ್ತಿದ್ದಾರೆ. ಸುಮಾರು 140 ಲಿನಕ್ಸ್ ಸರ್ವರ್, 220ರ ಹತ್ತಿರ ಬಳಕೆದಾರರು. ಹೆಚ್ಚುಕಡಿಮೆ ಎಲ್ಲರ ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ನೊಳಗೆ ಹೋಗುವ ದಾರಿ) ಲಾಗಿನ್‌ಗೂ ಟೂ ಫ್ಯಾಕ್ಟರ್ ಕೂರಿಸಿದೆ. ಅಂದರೆ ಪಾಸ್‌ವರ್ಡ್ ಇಲ್ಲವೇ ಕೀ (ಗುರುತಿನ ಫೈಲ್) ಜೊತೆಗೆ ಫೋನಿನಲ್ಲಿ ಬರುವ ಕೋಡೂ ಬೇಕು. ಮೊದಲ ಎರಡು ಸಲ ಬೈಸಿಕೊಂಡಿದ್ದೇ ಜಾಸ್ತಿ, ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ಮೊದಲ ಸಲ ಹುರುಪಿನಲ್ಲಿ ಎಲ್ಲ ಸರ್ವರ್‌ಗಳಿಗೂ ಗೂಗಲ್ ಆಥೆಂಟಿಕೇಟರ್ ಪಾಮ್ ಮಾಡ್ಯೂಲ್ ಹಾಕಿದೆ. ಪಾಮ್ ಅಂದರೆ ಲಿನಕ್ಸ್‌ನಲ್ಲಿ ಲಾಗಿನ್ ಪರೀಕ್ಷಿಸುವ ವ್ಯವಸ್ಥೆ, ಈ ಮಾಡ್ಯೂಲ್ ಅಲ್ಲಿ ಕೂತು ಕೋಡ್ ಕೇಳುತ್ತದೆ. ನಮ್ಮಲ್ಲಿ ಹೋಮ್ ಡೈರೆಕ್ಟರಿಗಳು (ಬಳಕೆದಾರರ ಸ್ವಂತ ಫೋಲ್ಡರ್‌ಗಳು) ಎಲ್ಲ ಸರ್ವರ್‌ಗಳೂ ಹಂಚಿಕೊಳ್ಳುವ ಎನ್‌ಎಫ್‌ಎಸ್ ಮೇಲಿವೆ. ಕೋಡ್ ಹುಟ್ಟುವ ಗುಟ್ಟನ್ನಿಟ್ಟ ಒಂದೇ ಸೀಕ್ರೆಟ್ ಫೈಲ್ ಎಲ್ಲ ಕಡೆ ಸಿಗುತ್ತದೆ, ಎಷ್ಟು ಸಲೀಸು ಅಂದುಕೊಂಡೆ. ಆದರೆ ಒಮ್ಮೆ ಬಳಸಿದ ಕೋಡ್ ಮತ್ತೆ ನಡೆಯಬಾರದು ಎಂಬ ಆಯ್ಕೆಗೆ ನಾನೇ ಹೂಂ ಅಂದಿದ್ದೆ. ಒಂದು ಸರ್ವರ್‌ಗೆ ಹೋದವರು ಇನ್ನೊಂದಕ್ಕೆ ಹೋಗಬೇಕೆಂದರೆ ಮುಂದಿನ ಕೋಡ್‌ಗೆ ಕಾಯಬೇಕು. ಹೆಚ್ಚೆಂದರೆ 30 ಸೆಕೆಂಡು, ನಿಜ. ಆದರೆ ಐದು ಸರ್ವರ್‌ನ ಲಾಗ್ ಒಟ್ಟಿಗೆ ನೋಡಬೇಕಾದವರಿಗೆ ಕೋಪ ಬರುತ್ತದೆ ಅಲ್ವಾ?

ಜೊತೆಗೆ ಗಡಿಯಾರದ ಕಾಟ, ಕೋಡ್ ಹುಟ್ಟುವುದೇ ಸಮಯ ನೋಡಿ. ಮಾಡ್ಯೂಲ್ ಮಾಮೂಲಿಯಾಗಿ ಹಿಂದಿನದೊಂದು, ಮುಂದಿನದೊಂದು ಕೋಡ್ ಒಪ್ಪುತ್ತದೆ. ಅದಕ್ಕಿಂತ ಜಾರಿದರೆ ಮುಗಿಯಿತು. ಹಳೆಯ ಸ್ನ್ಯಾಪ್‌ಶಾಟ್‌ನಿಂದ (ಉಳಿಸಿಟ್ಟ ಪ್ರತಿಯಿಂದ) ಎಬ್ಬಿಸಿದ ನಾಲ್ಕೈದು ಮಷಿನ್‌ಗಳು ಎರಡು ನಿಮಿಷ ಹಿಂದೆ ಓಡುತ್ತಿದ್ದವು. ಗಡಿಯಾರ ಸರಿಮಾಡುವ ಕ್ರೋನಿ ಹಾಕಿದ್ದೆ, ಆದರೆ ಅದು ಚಾಲೂ ಆಗಿದೆಯಾ ಅಂತ ನೋಡಿರಲಿಲ್ಲ. ಸರಿಯಾದ ಕೋಡ್ ಹಾಕಿದವರಿಗೂ ಬಾಗಿಲು ತೆರೆಯಲಿಲ್ಲ. ಹತ್ತು ದಿನಕ್ಕೆ ಎಲ್ಲ ಕಿತ್ತು ಹಾಕಿದೆ.

ಎರಡನೇ ಸಲದ ತಪ್ಪು ಹೇಳಿಕೊಳ್ಳಲು ನಾಚಿಕೆ. ತಾನಾಗಿ ಓಡುವ ಬ್ಯಾಕಪ್ ಖಾತೆ ಕೋಡ್ ಒತ್ತಲಾರದು. ಅದಕ್ಕೆ ಬರೀ ಕೀ ಸಾಕು ಅಂತ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ (ಎಸ್‌ಎಸ್‌ಎಚ್ ನಿಯಮಗಳ ಫೈಲ್) ಕೊನೆಗೆ ಮೊದಲೇ ಒಂದು ಮ್ಯಾಚ್ ಬ್ಲಾಕ್, ಅಂದರೆ ಹೆಸರಿಸಿದ ಖಾತೆಗಳಿಗಷ್ಟೇ ಅನ್ವಯಿಸುವ ನಿಯಮಗಳ ಗುಂಪು, ಬರೆದಿಟ್ಟಿದ್ದೆ. ಆಮೇಲೆ ಕೀ ಮತ್ತು ಕೋಡ್ ಎರಡೂ ಬೇಕು ಎನ್ನುವ ಸಾಲನ್ನು ಸ್ಕ್ರಿಪ್ಟ್‌ನಿಂದ ಫೈಲಿನ ಕೊನೆಗೆ ಅಂಟಿಸಿದೆ. ಆ ಸಾಲು ಮ್ಯಾಚ್ ಬ್ಲಾಕಿನೊಳಗೇ ಸೇರಿಕೊಂಡಿತು. ಸಿಂಟ್ಯಾಕ್ಸ್ ಚೆಕ್ ತುಟಿ ಬಿಚ್ಚಲಿಲ್ಲ. ಎರಡು ದಿನ ನಮ್ಮ ಇಡೀ ಸಂಸ್ಥೆಯಲ್ಲಿ ಟೂ ಫ್ಯಾಕ್ಟರ್ ಇದ್ದದ್ದು ಬ್ಯಾಕಪ್ ಖಾತೆಗೊಂದಕ್ಕೇ! ಜನ "ಪರವಾಗಿಲ್ಲ, ಈ ಸಲ ತೊಂದರೆಯೇ ಇಲ್ಲ" ಎಂದು ಹೊಗಳುತ್ತಿದ್ದರು. ಬ್ಯಾಕಪ್ ಬಿದ್ದ ಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಮೇಲಿನವರು ಒಂದು ಕಂಪನಿಯಿಂದ ಕೊಟೇಶನ್ ತರಿಸಿದ್ದರು. ತಲೆಗೆ ಇಷ್ಟು, ತಿಂಗಳಿಗೆ ಇಷ್ಟು. ತಿಂಗಳಿಗೆ ಎರಡು ಸಲ ಲಾಗಿನ್ ಆಗುವವರೂ ಒಂದು ತಲೆಯೇ. ನಮ್ಮ 220 ಜನರಲ್ಲಿ ಅಂಥವರು ಅರ್ಧಕ್ಕೂ ಹೆಚ್ಚು. ಮೂರು ವರ್ಷದ ಲೆಕ್ಕ ಹಾಕಿದರೆ ಆ ದುಡ್ಡಲ್ಲಿ ಎರಡು ಒಳ್ಳೆಯ ಡೇಟಾಬೇಸ್ ಸರ್ವರ್ ಬರುತ್ತಿತ್ತು. ಒಂದು ತಿಂಗಳು ಕೊಡಿ ಎಂದು ಕೇಳಿದೆ. ಕೊಟ್ಟರು, ನಗುತ್ತಲೇ.

ಮೂರನೇ ಸಲ 140 ಸರ್ವರ್ ಮುಟ್ಟಲೇ ಇಲ್ಲ. ಸುಮ್ನೆ ಬಿದ್ದಿದ್ದ ಎರಡು ಸಣ್ಣ ವರ್ಚುವಲ್ ಮಷಿನ್ ಎತ್ತಿಕೊಂಡು ಜಂಪ್ ಸರ್ವರ್, ಅಂದರೆ ಎಲ್ಲರೂ ಮೊದಲು ಹಾಯಬೇಕಾದ ಹೆಬ್ಬಾಗಿಲು, ಮಾಡಿದೆ. ಉಳಿದವು ಆ ಎರಡರಿಂದ ಬಂದರೆ ಮಾತ್ರ ಎಸ್‌ಎಸ್‌ಎಚ್ ಒಪ್ಪುತ್ತವೆ. ಕೋಡ್ ಕೇಳುವುದು ಅಲ್ಲಿ ಮಾತ್ರ. ಬಳಕೆದಾರರ ಕಡೆ ಪ್ರಾಕ್ಸಿಜಂಪ್ (ಜಂಪ್ ಸರ್ವರ್ ಮೂಲಕ ತಾನಾಗಿ ಹಾಯಿಸುವ ಸೆಟ್ಟಿಂಗ್), ಕಂಟ್ರೋಲ್‌ಪರ್ಸಿಸ್ಟ್ (ಒಮ್ಮೆ ತೆರೆದ ಸಂಪರ್ಕ ಉಳಿಸಿಕೊಳ್ಳುವ ಸೆಟ್ಟಿಂಗ್) ಎಂಟು ಗಂಟೆ. ಬೆಳಿಗ್ಗೆ ಒಂದು ಕೋಡ್, ಸಂಜೆವರೆಗೆ ನಿಶ್ಚಿಂತೆ. "ಲ್ಯಾಪ್‌ಟಾಪ್ ಬಿಟ್ಟು ಎದ್ದು ಹೋದರೆ?" ಎಂದು ಒಬ್ಬರು ಕೇಳಿದರು. ಸ್ಕ್ರೀನ್ ಲಾಕ್ ಮಾಡದವರ ಸಮಸ್ಯೆಗೆ ಪಾಮ್‌ನಲ್ಲಿ ಮದ್ದಿಲ್ಲ.

ಇಲ್ಲೂ ಎರಡು ಕಡೆ ಎಡವಿದೆ. ಕೀ ಆದ ಮೇಲೆ ಪಾಸ್‌ವರ್ಡೂ ಕೇಳಿತು, ಆಮೇಲೆ ಕೋಡ್. ಪಾಮ್ ಫೈಲಿನಲ್ಲಿ ಪಾಸ್‌ವರ್ಡ್ ಕೇಳಿಸುವ ಕಾಮನ್-ಆಥ್ ಸಾಲು ಮುಚ್ಚಿದೆ. ಆಗ ಇನ್ನೂ ಸೇರದವರನ್ನು ಕೋಡ್ ಇಲ್ಲದೇ ಒಳಗೆ ಬಿಡಲೆಂದು ಹಾಕಿದ ನಲ್‌ಓಕೆ ಆಯ್ಕೆ ಕೆಲಸಕ್ಕೆ ಬರಲಿಲ್ಲ. ಸೀಕ್ರೆಟ್ ಇಲ್ಲದವರ ವಿಷಯದಲ್ಲಿ ಮಾಡ್ಯೂಲ್ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ. ಹೌದು ಎನ್ನಲು ಕೆಳಗೆ ಸದಾ ಹೌದೆನ್ನುವ ಪಾಮ್ ಪರ್ಮಿಟ್ ಸಾಲು ಬೇಕು. ಒಂದು ಇಡೀ ರಾತ್ರಿ ಹೋಯಿತು.

ಮೂರು ವಾರ ನಲ್‌ಓಕೆ ಇಟ್ಟೆ. ತಾವಾಗಿಯೇ ಸೇರಿದವರು ನಲವತ್ತು ಜನ ಇರಬಹುದು. ಉಳಿದವರನ್ನು ಹತ್ತು ದಿನದಲ್ಲಿ ಸೇರಿಸಲು ಒಂದು ಸಣ್ಣ ಉಪಾಯ ಮಾಡಿದೆ. ಎರಡು ಜಂಪ್ ಸರ್ವರ್ ಮಧ್ಯೆ ಸೀಕ್ರೆಟ್ ಹೇಗೆ ಸಾಗಿಸುತ್ತೇನೆ ಎಂಬುದರಂತೆ ಅದೂ ನನ್ನ ಜೇಬಲ್ಲೇ ಇರಲಿ.

ಸರ್ವರ್‌ಗಿಂತ ಜಾಸ್ತಿ ತಲೆ ತಿಂದಿದ್ದು ಕಳೆದುಹೋದ ಫೋನ್‌ಗಳು. ಮೊದಲ ವರ್ಷ ಹದಿನೈದೋ ಹದಿನೆಂಟೋ. ಮಾಡ್ಯೂಲ್ ಐದು ತುರ್ತು ಕೋಡ್ ಕೊಡುತ್ತದೆ, ಸರಿ. ಜನ ಅದರ ಫೋಟೋ ತೆಗೆದು ಅದೇ ಫೋನಲ್ಲಿ ಇಟ್ಟುಕೊಂಡಿದ್ದರು! ಈಗ ಫೋನ್ ಕರೆಗೆ ರೀಸೆಟ್ ಇಲ್ಲ. ಬಳಕೆದಾರರು ಎದುರಿಗೆ ಬರಬೇಕು, ಇಲ್ಲವೇ ಅವರ ಮೇಲಿನವರು ವೀಡಿಯೋದಲ್ಲಿ ಬಂದು ಹೂಂ ಅನ್ನಬೇಕು.

ನಡುವೆ ಹಾರ್ಡ್‌ವೇರ್ ಕೀ (ಕೈಯಲ್ಲಿ ಹಿಡಿಯುವ ಸಣ್ಣ ಸಾಧನ) ಕಡೆಗೂ ಹೋಗಿ ಬಂದೆ. 2020ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ನಡೆಸುವ ತಂತ್ರಾಂಶ) 8.2ರಿಂದ ಫಿಡೋ ಮಾನದಂಡದ ಇಂಥ ಕೀ ನೇರವಾಗಿ ನಡೆಯುತ್ತದೆ. ಪಾಮ್ ಗೊಡವೆಯೇ ಬೇಡ, ಬೆರಳು ತಾಗಿಸಿದರೆ ಸಾಕು. ನನಗೆ ಅದೇ ಇಷ್ಟ. ಆದರೆ ಹಳೆಯ ಮಷಿನ್‌ಗಳಲ್ಲಿ 7.4 ಇತ್ತು, ತಲೆಗೆರಡು ಕೀ ಬೇಕು, ಒಂದು ಕಳೆದುಹೋಗುತ್ತದೆ ಎಂದೇ ಲೆಕ್ಕ. ಹನ್ನೆರಡು ಜನ ಅಡ್ಮಿನ್‌ಗಳಿಗೆ ಮಾತ್ರ ಕೊಡಿಸಿದೆ. ಈ ಕೆಲಸಕ್ಕೆ ಕೈಯಿಂದ ಬಿಟ್ಟ ದುಡ್ಡು ಅಷ್ಟೇ, ಕೊಟೇಶನ್‌ನ ಇಪ್ಪತ್ತನೇ ಒಂದು ಭಾಗವೂ ಇಲ್ಲ.

ಒಂದು ಮುಳ್ಳು ಇನ್ನೂ ಇದೆ. ಡೇಟಾಬೇಸ್ ತಂಡದ ಒಂದು ಹಳೆಯ ಟೂಲ್‌ಗೆ ಕೋಡ್ ಕೇಳುವ ಪ್ರಾಂಪ್ಟೇ ಅರ್ಥವಾಗುವುದಿಲ್ಲ. ಅದನ್ನು ಬಿಡಲು ಇಬ್ಬರು ತಯಾರಿಲ್ಲ. ಅವರಿಬ್ಬರ ಹೆಸರು ಇವತ್ತಿಗೂ ಮ್ಯಾಚ್ ಬ್ಲಾಕಿನಲ್ಲಿದೆ.