ಬಾಂಬೆ ಡಾಕ್ ಸ್ಫೋಟ: ಮನೆಯವ್ರು ಹೇಳೋ ಕಥೆ ಕೇಳಿ ಬರೆದಿಡೋದು ಹೇಗೆ

ಉಡುಪಿ, ಕುಂದಾಪುರ ಕಡೆಯಿಂದ ಬೊಂಬಾಯಿಗೆ ಹೋಗಿ ಹೋಟೆಲಲ್ಲಿ ದುಡಿದವ್ರ ಮನೇಲಿ ಹಡಗು ಸಿಡಿದ ಕಥೆ, ಆಕಾಶದಿಂದ ಚಿನ್ನ ಬಿದ್ದ ಕಥೆ ಕೇಳಿರ್ತೀರ. ಕಣ್ಣಾರೆ ಕಂಡವ್ರು ಈಗ ಸಿಗೋದು ಕಷ್ಟ, ಅವ್ರ ಮಕ್ಕಳಿಂದಾದ್ರೂ ಈಗ್ಲೇ ಬರೆಸ್ಕೊಳ್ಳಿ.

ಮೊದ್ಲು ತಾರೀಖು ಕೇಳ್ಬೇಡಿ, ಹಬ್ಬ ಕೇಳಿ. ಸ್ಫೋಟ ಆಗಿದ್ದು 1944ರ ಏಪ್ರಿಲ್ 14, ಶುಕ್ರವಾರ, ಅಂದ್ರೆ ಬಿಸು ಪರ್ಬದ (ತುಳುನಾಡಿನ ಹೊಸ ವರ್ಷದ ಹಬ್ಬ) ಆಸುಪಾಸು, "ಬಿಸು ಹೊತ್ತಲ್ಲಿ" ಅಂತ ಅವ್ರೇ ಹೇಳಿದ್ರೆ ಕಥೆ ನೆಲೆ ಮೇಲಿದೆ ಅಂತ ಲೆಕ್ಕ. ಆಮೇಲೆ ಸದ್ದು ಎಷ್ಟು ಸಲ ಬಂತು ಅಂತ ಕೇಳಿ, ಉತ್ತರ ನೀವೇ ಬಾಯಿಗೆ ಹಾಕ್ಬೇಡಿ. ಬೊಂಬಾಯಿ ಬಂದರಿನ ವಿಕ್ಟೋರಿಯಾ ಡಾಕಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಾಯಂಕಾಲ 4:06ಕ್ಕೆ ಒಮ್ಮೆ ಸಿಡೀತು, ಸುಮಾರು ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಬೆಂಕಿ ರಾತ್ರಿಯೆಲ್ಲಾ ಉರೀತು, ಹಾಗಾಗಿ "ರಾತ್ರಿ ಆಕಾಶ ಕೆಂಪಾಗಿತ್ತು" ಅಂದ್ರೂ ತಪ್ಪಲ್ಲ.

ಜಪಾನಿನವ್ರು ಬಾಂಬ್ ಹಾಕಿದ್ರು ಅಂತಾರಾ? ಹಾಗೇ ಬರ್ಕೊಳ್ಳಿ, ತಿದ್ದಬೇಡಿ, ಎರಡನೇ ಮಹಾಯುದ್ಧ ನಡೀತಿತ್ತು, ಅವತ್ತು ಜನ ನಿಜವಾಗ್ಲೂ ಹಾಗೇ ಹೆದರಿದ್ರು. ನಡೆದಿದ್ದನ್ನ ಪಕ್ಕದಲ್ಲಿ ಬೇರೆ ಬರೀರಿ. ಹಡಗಲ್ಲಿ ಸುಮಾರು 1,400 ಟನ್ ಸಿಡಿಮದ್ದು ಇತ್ತು, ಅದ್ರ ಜೊತೆಗೇ ಕರಾಚಿಯಲ್ಲಿ ಹತ್ತಿ ಮೂಟೆ ತುಂಬಿದ್ರು (ಯಾವ ಪುಣ್ಯಾತ್ಮ ಒಪ್ಕೊಂಡನೋ!). ಮಧ್ಯಾಹ್ನ ಹತ್ತಿಗೆ ಬೆಂಕಿ ಹತ್ಕೊಳ್ತು, 900 ಟನ್‌ಗೂ ಮೇಲೆ ನೀರು ಹೊಡೆದ್ರು, ಆದ್ರೆ ಉರೀತಿದ್ದ ಮೂಟೆಗಳು ಆ ನೀರಲ್ಲೇ ತೇಲಿ ಮೇಲಿದ್ದ ಮದ್ದಿನ ಹತ್ರಕ್ಕೆ ಬಂದ್ವು. 66 ಜನ ಅಗ್ನಿಶಾಮಕದವ್ರು ಸತ್ರು. ಒಟ್ಟು ಸಾವು 800ರಿಂದ 1,300ರವರೆಗೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಒಂದೇ ಅಂಕಿಗೆ ಜೋತು ಬೀಳ್ಬೇಡಿ. ಮನೆ ಕಳ್ಕೊಂಡವ್ರು ಸುಮಾರು 80,000, ನಿಮ್ಮವ್ರು ಆಮೇಲೆ ಎಲ್ಲಿ ಉಳ್ಕೊಂಡ್ರು, ಊರಿಗೆ ವಾಪಸ್ ಬಂದ್ರಾ, ಹೋಟೆಲ್ ಮತ್ತೆ ಯಾವಾಗ ತೆಗೆದ್ರು ಅಂತ ಬಿಡದೆ ಕೇಳಿ, ಪುಸ್ತಕದಲ್ಲಿ ಸಿಗದೇ ಇರೋದು ಇದೇ.

ಚಿನ್ನದ ಮಾತು ಬಂದ್ರೆ ನಗಬೇಡಿ, ಅದು ನಿಜ. ತಲಾ 12.7 ಕಿಲೋ ತೂಗೋ 124 ಗಟ್ಟಿ ಹಡಗಲ್ಲಿತ್ತು, ಅದ್ರಲ್ಲಿ ಒಂದು ಗಟ್ಟಿ ಪಾರ್ಸಿಯೊಬ್ರ ಮನೆ ಒಳಗೇ ಬಂದು ಬಿತ್ತು, ಅವ್ರು ಅದನ್ನ ವಾಪಸ್ ಕೊಟ್ರು. ಡಾಕಲ್ಲಿ ಹೂಳೆತ್ತುವಾಗ 2011ರಲ್ಲೂ ಸಿಕ್ಕಿದೆ. "ಪಕ್ಕದ್ಮನೆಯವ್ರು ಅದ್ರಿಂದಾನೇ ಹೋಟೆಲ್ ಹಾಕಿದ್ದು" ಅನ್ನೋದಕ್ಕೆ ಮಾತ್ರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹೆಸರು ಬರೀಬೇಡಿ.

ಹಳೇ ಪೇಪರ್ ಹುಡುಕೋರು ಏಪ್ರಿಲ್ ಸಂಚಿಕೆಯಲ್ಲಿ ಏನೂ ಇಲ್ಲ ಅಂತ ಕಥೆನೇ ಸುಳ್ಳು ಅಂದ್ಕೋಬೇಡಿ. ಯುದ್ಧದ ಸೆನ್ಸಾರ್ ಇತ್ತು, ವಿವರವಾಗಿ ಬರೆಯೋಕೆ ಬಿಟ್ಟಿದ್ದು ಮೇ ತಿಂಗಳಲ್ಲಿ, ಅಲ್ಲಿಂದ ಮುಂದೆ ನೋಡಿ. ಡಾಕ್ ಹುಡ್ಕೊಂಡು ಹೋಗೋದು ಬೇಡ, ಅಲ್ಲಿ ಹಳೇ ರೂಪ ಉಳಿದಿಲ್ಲ, ಬೊಂಬಾಯಿಯ ಬೈಕುಲ್ಲಾದ ಫೈರ್ ಬ್ರಿಗೇಡ್ ಮುಖ್ಯ ಕಚೇರಿಯಲ್ಲಿ ಸ್ಮಾರಕ ಇದೆ. ರೆಕಾರ್ಡ್ ಮಾಡಿದ ಫೈಲಿಗೆ ಹೇಳಿದವ್ರ ಹೆಸರು, ಅವ್ರು ಯಾರಿಂದ ಕೇಳಿದ್ದು, ಎರಡನ್ನೂ ಹಾಕಿ ಸೇವ್ ಮಾಡಿ.